ಪೂರ್ಣ ಸೂರ್ಯಗ್ರಹಣ ನೋಡಲು ಯಾವ ವರ್ಷ, ಎಲ್ಲಿಗೆ? ಹಾಸನ, ಚಿಕ್ಕಮಗಳೂರಿನಿಂದ ಹೊರಡುವವರಿಗೆ ಒಂದು ಹೋಲಿಕೆ

ಮೊದಲು ನನ್ನ ಆಯ್ಕೆ ಹೇಳಿಬಿಡುತ್ತೇನೆ. ಜೀವನದಲ್ಲಿ ಒಂದೇ ಸಲ ಇದಕ್ಕಾಗಿ ದುಡ್ಡು, ರಜೆ ಎರಡನ್ನೂ ಹೊಂದಿಸಲು ಸಾಧ್ಯ ಅನ್ನುವವರು 2027ರ ಆಗಸ್ಟ್ 2ಕ್ಕೆ ಈಜಿಪ್ಟಿನ ಲಕ್ಸರ್‌ಗೆ ಹೋಗಿ. ಆಸ್ಟ್ರೇಲಿಯಾದಲ್ಲಿ ಮಗಳೋ ತಮ್ಮನೋ ಇದ್ದಾರೆ ಅಂದರೆ 2028ರ ಜುಲೈ 22 ನಿಮ್ಮದು. ದೇಶ ಬಿಟ್ಟು ಹೋಗುವುದು ಬೇಡ ಅನ್ನುವವರಿಗೆ 2034ರ ಮಾರ್ಚ್ 20ರಂದು ಲಡಾಖ್ ಇದೆ, ಆದರೆ ಅಲ್ಲಿಯ ತೊಡಕುಗಳನ್ನು ತಿಳಿದುಕೊಂಡೇ ಹೊರಡಬೇಕು. ಉಳಿದ ಗ್ರಹಣಗಳೆಲ್ಲ ನನ್ನ ಆಯ್ಕೆಯಲ್ಲಿ ಈ ಮೂರರ ಕೆಳಗೆ.

ಇಷ್ಟು ದೂರ ಯಾಕೆ ಹೋಗಬೇಕು, ಗ್ರಹಣ ಇಲ್ಲೂ ಕಾಣುತ್ತದಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಕಾಣುತ್ತದೆ, ಆದರೆ ಅದು ಪಾರ್ಶ್ವ ಗ್ರಹಣ. ಸೂರ್ಯನ ನೂರರಲ್ಲಿ 99 ಭಾಗ ಮುಚ್ಚಿ ಒಂದೇ ಒಂದು ಭಾಗ ಉಳಿದರೂ ಸೂರ್ಯನ ಸುತ್ತಲಿನ ಕರೋನಾ, ಅಂದರೆ ಆ ಬಿಳಿ ಪ್ರಭಾವಲಯ, ನಮ್ಮ ಕಣ್ಣಿಗೆ ಕಾಣುವುದಿಲ್ಲ. ಕರೋನಾದ ಒಟ್ಟು ಬೆಳಕು ಹೆಚ್ಚು ಕಡಿಮೆ ಹುಣ್ಣಿಮೆ ಚಂದ್ರನಷ್ಟು, ಸೂರ್ಯನ ಬೆಳಕಿನ ಹತ್ತು ಲಕ್ಷದಲ್ಲಿ ಒಂದು ಪಾಲಿನ ಆಸುಪಾಸು. ಉಳಿದ ಆ ಒಂದು ಭಾಗ ಸೂರ್ಯನೇ ಅದಕ್ಕಿಂತ ಹತ್ತು ಸಾವಿರ ಪಟ್ಟು ಪ್ರಖರ. ಹಾಗಾಗಿ 99 ಮತ್ತು 100ರ ನಡುವೆ ಇರುವುದು ಒಂದು ಅಂಕದ ವ್ಯತ್ಯಾಸ ಅಲ್ಲ, ಅವು ಎರಡು ಬೇರೆಯೇ ಅನುಭವ. ಪೂರ್ತಿ ಮುಚ್ಚಿದಾಗ ಮಾತ್ರ ಹಗಲಲ್ಲಿ ಗ್ರಹಗಳು ಕಾಣುತ್ತವೆ, ಸುತ್ತಲೂ ದಿಗಂತದಲ್ಲಿ ಸಂಜೆಯ ಬಣ್ಣ ಬರುತ್ತದೆ, ಹಕ್ಕಿಗಳು ಗೂಡಿಗೆ ಹೊರಡುತ್ತವೆ, ಗಾಳಿ ತಣ್ಣಗಾಗುತ್ತದೆ, ಮುಚ್ಚುವ ಮೊದಲಿನ ಕೊನೆಯ ಕ್ಷಣದಲ್ಲಿ ವಜ್ರದುಂಗುರ ಹೊಳೆಯುತ್ತದೆ.

2019ರ ಡಿಸೆಂಬರ್ 26ರ ಬೆಳಗ್ಗೆ ನಮ್ಮ ಪಕ್ಕದ ಮಂಗಳೂರು, ಕೊಡಗಿನ ಕಡೆ ಕಂಕಣ ಗ್ರಹಣ ಆಗಿತ್ತು, ಹಾಸನದಲ್ಲೂ ಸೂರ್ಯನ ಬಹುಭಾಗ ಮುಚ್ಚಿತ್ತು. ಅದನ್ನು ನೋಡಿದವರು "ನಾವು ನೋಡಿಯಾಗಿದೆ" ಅನ್ನುತ್ತಾರೆ. ಅದು ಚಂದವೇ, ಅನುಮಾನ ಇಲ್ಲ. ಮರದ ನೆರಳಲ್ಲಿ ಎಲೆಗಳ ಸಂದಿಯಿಂದ ನೆಲದ ಮೇಲೆ ನೂರಾರು ಕುಡುಗೋಲಿನ ಆಕಾರದ ಸೂರ್ಯಗಳು ಬಿದ್ದಿದ್ದವು. ಆದರೆ ಅಂದು ಚಂದ್ರ ದೂರದಲ್ಲಿದ್ದ, ಗಾತ್ರದಲ್ಲಿ ಚಿಕ್ಕದಾಗಿ ಕಂಡ, ಸೂರ್ಯನನ್ನು ಪೂರ್ತಿ ಮುಚ್ಚಲಾಗದೆ ಅಂಚಿನಲ್ಲಿ ಉಂಗುರ ಉಳಿಯಿತು. ಕತ್ತಲಾಗಲಿಲ್ಲ, ಕರೋನಾ ಕಾಣಲಿಲ್ಲ. ಪೂರ್ಣ ಗ್ರಹಣದ ಲೆಕ್ಕಕ್ಕೆ ಅದನ್ನು ಸೇರಿಸಬೇಡಿ.

ಯಾವುದನ್ನು ನೋಡಿ ಆರಿಸಬೇಕು

ಎಲ್ಲರೂ ಮೊದಲು ಕೇಳುವುದು "ಎಷ್ಟು ನಿಮಿಷ?" ಅಂತ. ನನ್ನ ಪ್ರಕಾರ ಅದು ಮೂರನೇ ಪ್ರಶ್ನೆ.

ಮೊದಲನೆಯದು ಮೋಡ. ಇದನ್ನು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಮೂಡಿಗೆರೆಯಲ್ಲೋ ಸಕಲೇಶಪುರದಲ್ಲೋ ಆಷಾಢದಲ್ಲಿ ವಾರಗಟ್ಟಲೆ ಸೂರ್ಯ ಕಾಣದೆ ಇರುವುದು ನಮಗೆ ಹೊಸದಲ್ಲ. ಆರು ನಿಮಿಷದ ಗ್ರಹಣ ಮೋಡದ ಹಿಂದೆ ಆದರೆ ಕತ್ತಲು ಮಾತ್ರ ಸಿಗುತ್ತದೆ. ಒಂದು ನಿಮಿಷದ ಗ್ರಹಣ ಶುಭ್ರ ಆಕಾಶದಲ್ಲಿ ಆದರೆ ಎಲ್ಲವೂ ಸಿಗುತ್ತದೆ. 2009ರ ಜುಲೈ 22ನ್ನು ನೆನಪಿಸಿಕೊಳ್ಳಿ. ಈ ಶತಮಾನದಲ್ಲೇ ದೀರ್ಘವಾದ ಗ್ರಹಣ, ಅದೂ ನಮ್ಮ ದೇಶದ ಮೇಲೇ, ಸೂರತ್‌ನಿಂದ ಪಟ್ನಾ ತನಕ. ಬಿಹಾರದ ತಾರೇಗನಾ ಅನ್ನುವ ಊರಿಗೆ ಜನ ಸಾಗರದಂತೆ ಹೋದರು. ಅಲ್ಲಿ ಮೋಡ ಕವಿದು ಏನೂ ಕಾಣಲಿಲ್ಲ. ವಾರಾಣಸಿಯ ಘಾಟ್‌ಗಳ ಮೇಲೆ ನಿಂತವರಿಗೆ ಕಂಡಿತು. 1999ರ ಆಗಸ್ಟ್ 11ರಂದು ಗುಜರಾತಿಗೆ ಹೋದವರಿಗೂ ಮಳೆಗಾಲ ಅಡ್ಡ ಬಂತು.

ಎರಡನೆಯದು ಸೂರ್ಯ ಎಷ್ಟು ಎತ್ತರದಲ್ಲಿ ಇರುತ್ತಾನೆ ಅನ್ನುವುದು. ದಿಗಂತಕ್ಕೆ ಹತ್ತಿರ ಇದ್ದರೆ ಒಂದು ಗುಡ್ಡ, ಒಂದು ಕಟ್ಟಡ, ದೂರದ ಒಂದು ಮೋಡದ ಪಟ್ಟಿ ಸಾಕು, ಪ್ರಯಾಣವೆಲ್ಲ ವ್ಯರ್ಥ. ಮೇಲೆ ಇದ್ದರೆ ಈ ಚಿಂತೆ ಇಲ್ಲ.

ಮೂರನೆಯದು ನಿಮಿಷ. ನಾಲ್ಕನೆಯದು ನಮ್ಮ ಕೆಲಸದ ಕಾಲ, ಮಕ್ಕಳ ಪರೀಕ್ಷೆ, ಮನೆಯ ಹಬ್ಬ, ದುಡ್ಡು. ಕಾಫಿ ತೋಟ ಇರುವವರಿಗೆ ನವೆಂಬರ್‌ನಿಂದ ಮಾರ್ಚ್ ತನಕ ತೋಟ ಬಿಟ್ಟು ಹೋಗುವುದು ಕಷ್ಟ, ಮೊದಲು ಅರೇಬಿಕಾ ಕೊಯ್ಲು, ಆಮೇಲೆ ರೋಬಸ್ಟಾ ಕೊಯ್ಲು, ಅದರ ಹಿಂದೆಯೇ ಹೂವಿನ ಮಳೆಗೆ ಕಾಯುವುದು ಅಥವಾ ನೀರು ಹಾಯಿಸುವುದು. ಜುಲೈ, ಆಗಸ್ಟ್‌ನ ಜಡಿಮಳೆಯಲ್ಲಿ ಹೊರಗೆ ಹೋಗಲು ಸಮಯ ಸಿಗುತ್ತದೆ. ಅದೃಷ್ಟ ನೋಡಿ, ಮುಂದಿನ ಮೂರು ಪೂರ್ಣ ಗ್ರಹಣಗಳೂ ಅದೇ ಹೊತ್ತಿಗೆ ಬರುತ್ತವೆ.

ಮತ್ತೊಂದು ವಿಷಯ. ಆ ಮೂರೂ ಆಷಾಢ ಅಮಾವಾಸ್ಯೆಯ ದಿನ, ಅಂದರೆ ಭೀಮನ ಅಮಾವಾಸ್ಯೆ. ಪೂಜೆಯ ದಿನ ಮನೆಯವರು ಈಜಿಪ್ಟಿಗೆ ಹೊರಟರೆ ಮನೆಯಲ್ಲಿ ಮಾತು ಬರುತ್ತದೆ, ಅದಕ್ಕೆ ಈಗಲೇ ಹೇಳಿಟ್ಟಿರಿ. ಗಂಡ ಹೆಂಡತಿ ಇಬ್ಬರೂ ಸೇರಿ ಹೋಗುವುದು ಎಲ್ಲಕ್ಕಿಂತ ಒಳ್ಳೆಯದು.

2026 ಆಗಸ್ಟ್ 12: ಸ್ಪೇನ್ ಮತ್ತು ಐಸ್‌ಲ್ಯಾಂಡ್

ಚಂದ್ರನ ನೆರಳು ಬಿದ್ದ ಹಾದಿಯಲ್ಲಿ ಮಾತ್ರ ಗ್ರಹಣ ಪೂರ್ಣ. ಈ ಸಲ ಆ ನೆರಳು ಉತ್ತರ ಧ್ರುವದ ಕಡೆಯಿಂದ ಬಂದು ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್ ದಾಟಿ ಸ್ಪೇನ್ ಮೇಲೆ ಹಾದು ಮೆಡಿಟರೇನಿಯನ್ ಸಮುದ್ರದಲ್ಲಿ ಸೂರ್ಯಾಸ್ತದ ಹೊತ್ತಿಗೆ ಮುಗಿಯುತ್ತದೆ. ಗರಿಷ್ಠ ಅವಧಿ 2 ನಿಮಿಷ 18 ಸೆಕೆಂಡು, ಅದು ಐಸ್‌ಲ್ಯಾಂಡ್ ಹತ್ತಿರದ ಸಮುದ್ರದಲ್ಲಿ. ರಾಜಧಾನಿ ರೇಕ್ಯಾವಿಕ್‌ನಲ್ಲಿ ಒಂದು ನಿಮಿಷ. ಐಸ್‌ಲ್ಯಾಂಡ್‌ನಲ್ಲಿ ಸೂರ್ಯ ಸಾಕಷ್ಟು ಮೇಲೆ ಇರುತ್ತಾನೆ, ಆದರೆ ಅಲ್ಲಿ ಮೋಡ ಜಾಸ್ತಿ. ಸ್ಪೇನ್‌ನ ಒಳನಾಡಿನಲ್ಲಿ ಆಗಸ್ಟ್ ಒಣ ಕಾಲ, ಆಕಾಶ ಚೆನ್ನಾಗಿರುತ್ತದೆ, ಆದರೆ ಅಲ್ಲಿ ಗ್ರಹಣ ಸ್ಥಳೀಯ ಸಮಯ ರಾತ್ರಿ ಎಂಟೂವರೆಗೆ, ಸೂರ್ಯ ಮುಳುಗುವ ಸ್ವಲ್ಪ ಮೊದಲು. ಓವಿಯೆಡೊ, ಬುರ್ಗೋಸ್ ಊರುಗಳಲ್ಲಿ ಒಂದೂಮುಕ್ಕಾಲು ನಿಮಿಷ ಸಿಗುತ್ತದೆ, ಸೂರ್ಯ ದಿಗಂತದಿಂದ ಹತ್ತು ಡಿಗ್ರಿಯ ಒಳಗೆ. ಮಯೋರ್ಕಾ ದ್ವೀಪದ ಪಾಲ್ಮಾ ಊರಿನ ಕಡೆ ಹೋದರೆ ಇನ್ನೂ ಕೆಳಗೆ, ಎರಡೂವರೆ ಡಿಗ್ರಿ ಮಾತ್ರ. ಮ್ಯಾಡ್ರಿಡ್, ಬಾರ್ಸಿಲೋನಾ ಎರಡೂ ನೆರಳಿನ ಹಾದಿಯಿಂದ ಸ್ವಲ್ಪದರಲ್ಲೇ ಹೊರಗೆ, ಅಲ್ಲಿ ಹೋಟೆಲ್ ಹಿಡಿದು ಅಲ್ಲೇ ಕೂರಬೇಡಿ.

ಈ ಎರಡೂ ದೇಶಕ್ಕೆ ಬೇಕಾದ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಬೇಸಿಗೆಯಲ್ಲಿ ಅದಕ್ಕೆ ನೂಕುನುಗ್ಗಲು. ಯುರೋಪಿನಲ್ಲೇ ಕೆಲಸದಲ್ಲಿ ಇರುವ ನಮ್ಮ ಹುಡುಗರು, ಹುಡುಗಿಯರು ಇದನ್ನು ಖಂಡಿತ ನೋಡಬೇಕು, ಅವರಿಗೆ ಇದು ರೈಲಿನ ದೂರ. ಅದೇ ರಾತ್ರಿ ಪರ್ಸಿಯಿಡ್ ಉಲ್ಕಾಪಾತದ ಹೊತ್ತೂ ಹೌದು, ಚಂದ್ರನ ಬೆಳಕು ಇಲ್ಲ, ಹಾಗಾಗಿ ಗ್ರಹಣ ಮುಗಿಸಿ ಅಲ್ಲೇ ಬಯಲಲ್ಲಿ ಮಲಗಿದರೆ ಇನ್ನೊಂದು ಲಾಭ. ಆದರೆ ಹಾಸನದಿಂದ ಇದಕ್ಕಾಗಿಯೇ ಹೊರಡುವವರಿಗೆ, ಅಷ್ಟೇ ದುಡ್ಡಿಗೆ 2027ರದ್ದು ಎಷ್ಟೋ ಮೇಲು ಅಂತ ನಾನು ಹೇಳುತ್ತೇನೆ.

2027 ಆಗಸ್ಟ್ 2: ಲಕ್ಸರ್, ಜೆಡ್ಡಾ, ಟ್ಯಾಂಜಿಯರ್

ಇದು ಸೋಮವಾರ. ನೆರಳು ಸ್ಪೇನ್‌ನ ದಕ್ಷಿಣ ತುದಿ, ಮೊರಾಕೊ, ಅಲ್ಜೀರಿಯಾ, ಟುನೀಶಿಯಾ, ಲಿಬಿಯಾ, ಈಜಿಪ್ಟ್, ಸೌದಿ ಅರೇಬಿಯಾ, ಯೆಮನ್, ಸೊಮಾಲಿಯಾ ದಾಟಿ ಹಿಂದೂ ಮಹಾಸಾಗರದಲ್ಲಿ ಮುಗಿಯುತ್ತದೆ. ಗರಿಷ್ಠ ಅವಧಿ 6 ನಿಮಿಷ 23 ಸೆಕೆಂಡು, ಅದು ಲಕ್ಸರ್ ಊರಿನ ಹತ್ತಿರವೇ. ಇಷ್ಟು ಉದ್ದದ ಗ್ರಹಣ ಇನ್ನು ಬರುವುದು 2114ರಲ್ಲಿ. ಅಂದರೆ ಈಗ ದೊಡ್ಡವರಾಗಿರುವ ಯಾರಿಗೂ ಇದಕ್ಕಿಂತ ದೀರ್ಘವಾದದ್ದು ಸಿಗುವುದಿಲ್ಲ.

ಯಾಕೆ ಇಷ್ಟು ಉದ್ದ ಅಂದರೆ, ಜುಲೈ ಮೊದಲ ವಾರದಲ್ಲಿ ಭೂಮಿ ಸೂರ್ಯನಿಂದ ಅತಿ ದೂರದಲ್ಲಿ ಇರುತ್ತದೆ, ಆಗಸ್ಟ್ ಆರಂಭದಲ್ಲೂ ದೂರವೇ, ಹಾಗಾಗಿ ಸೂರ್ಯ ಸ್ವಲ್ಪ ಚಿಕ್ಕದಾಗಿ ಕಾಣುತ್ತಾನೆ. ಅದೇ ಹೊತ್ತಿಗೆ ಚಂದ್ರ ಭೂಮಿಗೆ ಹತ್ತಿರ, ಅವನು ದೊಡ್ಡದಾಗಿ ಕಾಣುತ್ತಾನೆ. ಜೊತೆಗೆ ನೆರಳು ಬೀಳುವ ಜಾಗ ಸಮಭಾಜಕಕ್ಕೆ ಅಷ್ಟೇನೂ ದೂರ ಅಲ್ಲ, ಭೂಮಿ ತಿರುಗುವ ವೇಗ ನೆರಳಿನ ಜೊತೆ ಜೊತೆಗೆ ಹೋಗುವುದರಿಂದ ನೆರಳು ನಮ್ಮ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ. ಮೂರೂ ಒಟ್ಟಿಗೆ ಕೂಡಿ ಬರುವುದು ಅಪರೂಪ.

ಇನ್ನೊಂದು ಸಂಬಂಧ ಇದೆ. ಸೂರ್ಯ, ಚಂದ್ರ, ಭೂಮಿ ಹೆಚ್ಚು ಕಡಿಮೆ ಅದೇ ಜೋಡಣೆಗೆ ಮತ್ತೆ ಬರಲು 18 ವರ್ಷ 11 ದಿನ 8 ಗಂಟೆ ಬೇಕು. ಇದನ್ನು ಸಾರೋಸ್ ಚಕ್ರ ಅನ್ನುತ್ತಾರೆ. 2009ರ ಜುಲೈ 22ಕ್ಕೆ ಅಷ್ಟು ಸೇರಿಸಿದರೆ 2027ರ ಆಗಸ್ಟ್ 2. ಅಂದು ಮೋಡದ ಹಿಂದೆ ತಪ್ಪಿಹೋದ ಗ್ರಹಣದ ಮುಂದಿನ ಪೀಳಿಗೆ ಇದು. ಈ ಸಲ ಮರುಭೂಮಿಯ ಮೇಲೆ ಬರುತ್ತಿದೆ.

ಲಕ್ಸರ್‌ನಲ್ಲಿ ಆಗಸ್ಟ್ ತಿಂಗಳಲ್ಲಿ ಮೋಡ ಇಲ್ಲವೇ ಇಲ್ಲ ಅನ್ನಬಹುದು. ಗ್ರಹಣ ಸ್ಥಳೀಯ ಸಮಯ ಮಧ್ಯಾಹ್ನ ಒಂದು ಗಂಟೆಯ ಆಸುಪಾಸಿಗೆ, ಸೂರ್ಯ 82 ಡಿಗ್ರಿ ಎತ್ತರದಲ್ಲಿ, ಹೆಚ್ಚು ಕಡಿಮೆ ನೆತ್ತಿಯ ಮೇಲೆ. ದಿಗಂತ ತೆರೆದಿದೆಯಾ ಅಂತ ಹುಡುಕುವ ಗೋಜಿಲ್ಲ, ಹೋಟೆಲಿನ ತಾರಸಿಯಿಂದಲೂ ನೋಡಬಹುದು. ಕತ್ತು ನೋಯುತ್ತದೆ, ಚಾಪೆ ಹಾಸಿ ಅಂಗಾತ ಮಲಗಿ ನೋಡುವುದೇ ಸರಿ. ಕಷ್ಟ ಇರುವುದು ಬಿಸಿಲಿನದು. ಆಗಸ್ಟ್‌ನಲ್ಲಿ ಅಲ್ಲಿ ಹಗಲು 40 ಡಿಗ್ರಿ ದಾಟುವುದು ಮಾಮೂಲು. ಚಿಕ್ಕಮಗಳೂರಿನ ತಂಪಿಗೆ ಒಗ್ಗಿದ ಮೈಗೆ, ಅದರಲ್ಲೂ ವಯಸ್ಸಾದವರಿಗೆ, ಇದು ಸಣ್ಣ ವಿಷಯ ಅಲ್ಲ. ಎರಡು ದಿನ ಮೊದಲೇ ಹೋಗಿ, ಬೆಳಗ್ಗೆ ಮಾತ್ರ ಓಡಾಡಿ, ಗ್ರಹಣದ ದಿನ ನೆರಳಿರುವ ಜಾಗವನ್ನೇ ಹಿಡಿಯಿರಿ, ನೀರು ಮತ್ತು ಓಆರ್‌ಎಸ್ ಪೊಟ್ಟಣ ಜೊತೆಯಲ್ಲಿರಲಿ.

ಒಂದು ಎಚ್ಚರಿಕೆ. ಕೈರೋ ನೆರಳಿನ ಹಾದಿಯಲ್ಲಿ ಇಲ್ಲ, ಅಸ್ವಾನ್ ಕೂಡ ಇಲ್ಲ. ನೈಲ್ ನದಿಯ ದೋಣಿ ಪ್ರವಾಸಗಳು ಲಕ್ಸರ್ ಮತ್ತು ಅಸ್ವಾನ್ ನಡುವೆ ಓಡಾಡುತ್ತವೆ, ಪ್ಯಾಕೇಜ್ ತೆಗೆದುಕೊಳ್ಳುವಾಗ ಆಗಸ್ಟ್ 2ರ ಮಧ್ಯಾಹ್ನ ದೋಣಿ ಎಲ್ಲಿ ನಿಂತಿರುತ್ತದೆ ಅಂತ ಬರಹದಲ್ಲೇ ಕೇಳಿ ತೆಗೆದುಕೊಳ್ಳಿ. "ಈಜಿಪ್ಟ್ ಗ್ರಹಣ ಪ್ರವಾಸ" ಅಂತ ಜಾಹೀರಾತಿನಲ್ಲಿ ಹಾಕಿದ್ದರೆ ಅಷ್ಟಕ್ಕೇ ನಂಬಬೇಡಿ.

ಜೆಡ್ಡಾದಲ್ಲೂ ಅವಧಿ 6 ನಿಮಿಷದ ಆಸುಪಾಸು. ನಮ್ಮ ಕಡೆಯವರು ಎಷ್ಟೋ ಮಂದಿ ಗಲ್ಫ್‌ನಲ್ಲಿ ಕೆಲಸದಲ್ಲಿ ಇದ್ದಾರೆ, ಅವರಿಗೆ ಇದೇ ಹತ್ತಿರ. ಮೆಕ್ಕಾದಲ್ಲಿ 5 ನಿಮಿಷ ದಾಟುತ್ತದೆ. ಉಮ್ರಾಗೆ ಹೋಗಬೇಕು ಅಂತ ಅಂದುಕೊಂಡಿರುವ ಮುಸ್ಲಿಂ ಕುಟುಂಬಗಳು ಆ ವಾರವನ್ನೇ ನೋಡಿಕೊಂಡರೆ ಎರಡೂ ಆಗುತ್ತದೆ. ಬೇರೆಯವರಿಗೆ ಮೆಕ್ಕಾ ನಗರದೊಳಗೆ ಪ್ರವೇಶ ಇಲ್ಲ, ಜೆಡ್ಡಾ ಇದೆ. ಬಿಸಿಲಿನ ಜೊತೆ ಸಮುದ್ರದ ಸೆಕೆ ಅಲ್ಲಿ ಹೆಚ್ಚು. ಲಕ್ಸರ್ ಸುಡುತ್ತದೆ ಆದರೆ ಒಣ ಬಿಸಿಲು, ಬೆವರು ಆರುತ್ತದೆ.

ಬಿಸಿಲು ಬೇಡವೇ ಬೇಡ ಅನ್ನುವವರಿಗೆ ಮೊರಾಕೊದ ಟ್ಯಾಂಜಿಯರ್, ಅಥವಾ ಎದುರಿನ ಸ್ಪೇನ್‌ನ ಕಾದಿಸ್. ಅಲ್ಲಿ ಬೆಳಗ್ಗಿನ ಹೊತ್ತು, ಸಮುದ್ರದ ಗಾಳಿ, ಹವೆ ಹಿತ. ಟ್ಯಾಂಜಿಯರ್‌ನಲ್ಲಿ ಹೆಚ್ಚು ಕಡಿಮೆ 5 ನಿಮಿಷ, ಕಾದಿಸ್‌ನಲ್ಲಿ 3 ನಿಮಿಷ. ಆಕಾಶವೂ ಬೇಸಿಗೆಯಲ್ಲಿ ಚೆನ್ನಾಗಿಯೇ ಇರುತ್ತದೆ, ಆದರೆ ಲಕ್ಸರ್‌ನಷ್ಟು ಖಾತ್ರಿ ಅಲ್ಲ. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವುದಾದರೆ ನಾನು ಲಕ್ಸರ್ ಬಿಟ್ಟು ಟ್ಯಾಂಜಿಯರ್ ಆರಿಸುತ್ತೇನೆ. ಲಿಬಿಯಾ, ಯೆಮನ್, ಸೊಮಾಲಿಯಾಗಳ ಮಾತೇ ಬೇಡ, ಅಲ್ಲಿನ ಪರಿಸ್ಥಿತಿಯಲ್ಲಿ ಯಾರೂ ಹೋಗಬಾರದು.

ಹೋಗುವ ದಾರಿ: ಆಗಸ್ಟ್ ಮಳೆಯಲ್ಲಿ ಮಂಗಳೂರು ವಿಮಾನ ನಿಲ್ದಾಣವನ್ನು ನೆಚ್ಚಬೇಡಿ. ಶಿರಾಡಿಯಲ್ಲಿ ಗುಡ್ಡ ಕುಸಿದರೆ, ಚಾರ್ಮಾಡಿಯಲ್ಲಿ ಮರ ಬಿದ್ದರೆ ವಿಮಾನ ಕಾಯುವುದಿಲ್ಲ. ಹಾಸನದಿಂದ ಬೆಂಗಳೂರಿಗೆ ರೈಲು ಇದೆ, ಚಿಕ್ಕಮಗಳೂರಿನವರಿಗೆ ಕಡೂರು ಮೇಲೆ ರೈಲು ಇದೆ, ಒಂದು ದಿನ ಮೊದಲೇ ಬೆಂಗಳೂರು ಸೇರಿಕೊಳ್ಳಿ. ಕೈರೋ ತಲುಪಿದ ಮೇಲೆ ಲಕ್ಸರ್‌ಗೆ ವಿಮಾನವೂ ಇದೆ, ರಾತ್ರಿ ರೈಲೂ ಇದೆ. ಗ್ರಹಣದ ಹಿಂದಿನ ರಾತ್ರಿಯ ರೈಲು ಬೇಡ, ತಡವಾದರೆ ದಾರಿಯಲ್ಲೇ ಗ್ರಹಣ. ವೀಸಾ ನಿಯಮ ಬದಲಾಗುತ್ತಲೇ ಇರುತ್ತದೆ, ಏಜೆಂಟ್ ಮಾತಿಗಿಂತ ಆ ದೇಶದ ರಾಯಭಾರ ಕಚೇರಿಯ ಪುಟ ನೋಡಿ.

2028 ಜುಲೈ 22: ಆಸ್ಟ್ರೇಲಿಯಾ, ನ್ಯೂಜಿಲೆಂಡ್

ಇದು ಶನಿವಾರ. ಆಸ್ಟ್ರೇಲಿಯಾದ ವಾಯುವ್ಯ ಮೂಲೆಯ ಕಿಂಬರ್ಲಿ ಪ್ರದೇಶದಲ್ಲಿ ಗರಿಷ್ಠ 5 ನಿಮಿಷ 10 ಸೆಕೆಂಡು. ಅಲ್ಲಿಂದ ಓರೆಯಾಗಿ ದೇಶ ದಾಟಿ ಸಿಡ್ನಿ ನಗರದ ಮೇಲೆಯೇ ಹಾದು, ಸಮುದ್ರ ದಾಟಿ ನ್ಯೂಜಿಲೆಂಡಿನ ಡ್ಯೂನಿಡಿನ್ ಕಡೆ ಹೋಗುತ್ತದೆ. ಸಿಡ್ನಿಯಲ್ಲಿ ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ 3 ನಿಮಿಷ 48 ಸೆಕೆಂಡಿನ ಆಸುಪಾಸು.

ಒಂದು ಮಹಾನಗರದ ನೆತ್ತಿಯ ಮೇಲೆ ಪೂರ್ಣ ಗ್ರಹಣ ಬರುವುದು ಅಪರೂಪ, ಮತ್ತು ಸಿಡ್ನಿಯಲ್ಲಿ ಕನ್ನಡಿಗರು ಬಹಳ ಇದ್ದಾರೆ. ನೆಂಟರ ಮನೆಯಲ್ಲಿ ಉಳಿದುಕೊಂಡರೆ ಖರ್ಚಿನ ದೊಡ್ಡ ಭಾಗ ಕಡಿಮೆ. ಹೇಗೂ ಮೊಮ್ಮಗುವನ್ನು ನೋಡಲು ಹೋಗುವ ಅಜ್ಜ ಅಜ್ಜಿ, ಟಿಕೆಟ್ ಮಾಡುವಾಗ ಈ ತಾರೀಕು ಒಳಗೆ ಬರುವಂತೆ ಮಾಡಿಕೊಳ್ಳಿ. ಜುಲೈ ಅಲ್ಲಿ ಚಳಿಗಾಲ, ಸ್ವೆಟರ್ ಸಾಕು. ಮೋಡದ ವಿಷಯದಲ್ಲಿ ಸಿಡ್ನಿ ಮಧ್ಯಮ. ಕರಾವಳಿಯಿಂದ ಒಳನಾಡಿಗೆ ಹೋದಷ್ಟೂ ಒಣ, ಕಾರು ಇರುವವರು ಹಿಂದಿನ ದಿನ ಹವಾಮಾನ ನೋಡಿಕೊಂಡು ಡಬ್ಬೊ ಕಡೆ ಹೋಗಬಹುದು. ಕಿಂಬರ್ಲಿಯಲ್ಲಿ ಅದು ಒಣ ಋತು, ಆಕಾಶ ತುಂಬಾ ಚೆನ್ನಾಗಿರುತ್ತದೆ, ಆದರೆ ಜನವಸತಿ ಕಡಿಮೆ, ದೂರ ದೂರ, ದುಬಾರಿ. ನ್ಯೂಜಿಲೆಂಡಿನಲ್ಲಿ ಸಂಜೆ, ಸೂರ್ಯ ಕೆಳಗೆ, ಚಳಿಗಾಲ. ನಮ್ಮಲ್ಲಿಂದ ಹೋಗುವವರಿಗೆ ಸಿಡ್ನಿಯೇ ಸರಿ.

2030 ನವೆಂಬರ್ 25

ನಮೀಬಿಯಾ, ಬೋಟ್ಸ್ವಾನಾ, ದಕ್ಷಿಣ ಆಫ್ರಿಕಾ, ಲೆಸೊಥೊ, ಆಮೇಲೆ ಹಿಂದೂ ಮಹಾಸಾಗರ, ಕೊನೆಗೆ ಆಸ್ಟ್ರೇಲಿಯಾದಲ್ಲಿ ಸೂರ್ಯಾಸ್ತ. ಗರಿಷ್ಠ 3 ನಿಮಿಷ 44 ಸೆಕೆಂಡು, ಅದು ನಡು ಸಮುದ್ರದಲ್ಲಿ, ನೆಲದ ಮೇಲೆ ಕಡಿಮೆ. ಡರ್ಬನ್ ಊರು ಹಾದಿಯಲ್ಲಿದೆ. ಆಫ್ರಿಕಾದ ಕಾಡು ನೋಡುವ ಆಸೆ ಇರುವವರಿಗೆ ಎರಡೂ ಒಟ್ಟಿಗೆ ಆಗುತ್ತದೆ. ನಮಗೆ ಅದು ಅರೇಬಿಕಾ ಹಣ್ಣು ಕೊಯ್ಯುವ ಕಾಲ, ತೋಟದವರಿಗೆ ಆಗುವುದಿಲ್ಲ.

2034 ಮಾರ್ಚ್ 20: ಲಡಾಖ್

ನಮ್ಮ ದೇಶದ ನೆಲದ ಮೇಲೆ ಮುಂದಿನ ಪೂರ್ಣ ಗ್ರಹಣ ಇದು. ಅಟ್ಲಾಂಟಿಕ್ ಸಾಗರದಲ್ಲಿ ಶುರುವಾಗಿ ನೈಜೀರಿಯಾ, ಚಾಡ್, ಸುಡಾನ್, ಈಜಿಪ್ಟ್, ಸೌದಿ, ಕುವೈತ್, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಲಡಾಖ್ ಮೇಲೆ ಹಾದು ಚೀನಾದಲ್ಲಿ ಮುಗಿಯುತ್ತದೆ. ಗರಿಷ್ಠ 4 ನಿಮಿಷ 9 ಸೆಕೆಂಡು, ಅದು ಚಾಡ್ ದೇಶದಲ್ಲಿ. ನಮ್ಮಲ್ಲಿಗೆ ಬರುವಾಗ ಅದಕ್ಕಿಂತ ಕಡಿಮೆ. ಮಾರನೇ ದಿನ ಯುಗಾದಿ.

ಕರ್ನಾಟಕದವರಿಗೆ ಈ ಗ್ರಹಣದ ಜೊತೆ ಒಂದು ನಂಟು ಇದೆ. 1980ರ ಫೆಬ್ರವರಿ 16ರಂದು ಅಂಕೋಲಾ, ಹುಬ್ಬಳ್ಳಿ, ರಾಯಚೂರಿನ ಮೇಲೆ ಪೂರ್ಣ ಗ್ರಹಣ ಹಾದುಹೋಗಿತ್ತು, ಎರಡು ನಿಮಿಷಕ್ಕೂ ಹೆಚ್ಚು. ವಿಜ್ಞಾನಿಗಳು ಬಂದು ಕ್ಯಾಂಪ್ ಹಾಕಿದ್ದರು. ಆ ದಿನದ ಬಗ್ಗೆ ಮನೆಯ ಹಿರಿಯರನ್ನು ಕೇಳಿ ನೋಡಿ, ಬಾಗಿಲು ಹಾಕಿ ಒಳಗೆ ಕೂತವರೇ ಜಾಸ್ತಿ. ಸಾರೋಸ್ ಚಕ್ರದಲ್ಲಿ ಆ 8 ಗಂಟೆ ಇದೆಯಲ್ಲ, ಅದರಿಂದ ಪ್ರತಿ ಸಲ ಗ್ರಹಣ ಭೂಮಿಯ ಮೂರನೇ ಒಂದು ಭಾಗದಷ್ಟು ಪಶ್ಚಿಮಕ್ಕೆ ಸರಿಯುತ್ತದೆ. ಮೂರು ಚಕ್ರ ಮುಗಿದರೆ, ಅಂದರೆ 54 ವರ್ಷ ಮತ್ತು ಒಂದು ತಿಂಗಳಿಗೆ, ಮತ್ತೆ ನಮ್ಮ ಕಡೆಗೇ ಬರುತ್ತದೆ. 1980ರದ್ದು 1998ರಲ್ಲಿ ಮತ್ತು 2016ರಲ್ಲಿ ಬೇರೆ ಕಡೆ ಕಂಡು 2034ರಲ್ಲಿ ಹೀಗೆ ವಾಪಸ್ ಬರುತ್ತಿದೆ, ಆದರೆ ಅಷ್ಟರಲ್ಲಿ ಹಾದಿ ಉತ್ತರಕ್ಕೆ ಸರಿದಿದೆ. ರಾಯಚೂರಿನ ಮೇಲೆ ಬಂದದ್ದು ಈಗ ಹಿಮಾಲಯದ ಮೇಲೆ. ಆ ದಿನ ಒಳಗೆ ಕೂತಿದ್ದ ಅಪ್ಪ ಅಮ್ಮಂದಿರ ಮಕ್ಕಳಾದರೂ ಇದನ್ನು ಹೋಗಿ ನೋಡಲಿ ಅನ್ನುವುದು ನನ್ನ ಆಸೆ.

ಆದರೆ ತೊಡಕುಗಳು ನಿಜ. ಮಾರ್ಚ್‌ನಲ್ಲಿ ಅಲ್ಲಿ ಇನ್ನೂ ಹಿಮ, ಮೋಡ ಯಾವಾಗ ಬೇಕಾದರೂ ಕವಿಯಬಹುದು. ಶ್ರೀನಗರದಿಂದ ಲೇಹ್‌ಗೆ ಹೋಗುವ ಜೋಜಿಲಾ ಕಣಿವೆ ದಾರಿ ಆ ಹೊತ್ತಿಗೆ ಹಿಮದಿಂದ ಮುಚ್ಚಿರುವುದುಂಟು, ಸುರಂಗದ ಕೆಲಸ ನಡೆಯುತ್ತಿದೆ. ಗ್ರಹಣ ಸಂಜೆ, ಸೂರ್ಯ ಪಡುವಣಕ್ಕೆ ಇಳಿದಿರುತ್ತಾನೆ, ಕಿರಿದಾದ ಕಣಿವೆಯಲ್ಲಿ ನಿಂತರೆ ಎದುರಿನ ಬೆಟ್ಟವೇ ಮರೆ. ಪಶ್ಚಿಮ ದಿಕ್ಕು ತೆರೆದಿರುವ ಜಾಗವನ್ನು ಮೊದಲೇ ಹೋಗಿ ಗುರುತಿಸಿಕೊಳ್ಳಬೇಕು. ಲೇಹ್ 3,500 ಮೀಟರ್ ಎತ್ತರದಲ್ಲಿದೆ, ನಮ್ಮ ಮುಳ್ಳಯ್ಯನಗಿರಿಗೆ 2,000 ಮೀಟರ್ ಕೂಡ ಇಲ್ಲ. ವಿಮಾನ ಇಳಿದ ಮೇಲೆ ಎರಡು ದಿನವಾದರೂ ಸುಮ್ನೆ ಮಲಗಿ ಮೈಗೆ ಒಗ್ಗಿಸಿಕೊಳ್ಳಬೇಕು. ಉಸಿರಾಟದ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹೊರಡಬೇಡಿ. ಎಸ್‌ಎಸ್‌ಎಲ್‌ಸಿ, ಪಿಯುಸಿ ಮಕ್ಕಳಿಗೆ ಅದು ಪರೀಕ್ಷೆಯ ಕಾಲ.

ಆದ್ದರಿಂದ ಲಡಾಖ್ ಒಂದನ್ನೇ ನೆಚ್ಚಿಕೊಂಡು 2027ನ್ನು ಬಿಡಬೇಡಿ, ಕೈಯಲ್ಲಿ ಆಗುವವರು. ಆಗದವರು ಈಗಿನಿಂದಲೇ ತಿಂಗಳಿಗೆ ಸ್ವಲ್ಪ ಎತ್ತಿಟ್ಟರೆ 2034ಕ್ಕೆ ಒಂದು ಕುಟುಂಬದ ವಿಮಾನದ ಖರ್ಚು ಕೂಡುತ್ತದೆ.

ಕಣ್ಣಿನ ವಿಷಯ

ಪೂರ್ತಿ ಮುಚ್ಚಿದ ಆ ಕೆಲವು ನಿಮಿಷ ಮಾತ್ರ ಬರಿಗಣ್ಣಲ್ಲಿ ನೋಡಬಹುದು, ನೋಡಲೇಬೇಕು. ಅದಕ್ಕೆ ಮೊದಲು, ಆಮೇಲೆ, ಮತ್ತು ಪಾರ್ಶ್ವ, ಕಂಕಣ ಗ್ರಹಣದ ಪೂರ್ತಿ ಹೊತ್ತು ಐಎಸ್‌ಒ 12312-2 ಗುರುತಿರುವ ಗ್ರಹಣದ ಕನ್ನಡಕ ಬೇಕೇ ಬೇಕು, ಇಲ್ಲವೇ 14ನೇ ನಂಬರಿನ ವೆಲ್ಡಿಂಗ್ ಗಾಜು. ಹಳೇ ಎಕ್ಸ್‌ರೇ ಫಿಲ್ಮ್, ಮಸಿ ಹಿಡಿದ ಗಾಜು, ಕೂಲಿಂಗ್ ಗ್ಲಾಸ್, ಸಗಣಿ ನೀರಲ್ಲಿ ಪ್ರತಿಬಿಂಬ ನೋಡುವುದು, ಇವು ಯಾವುವೂ ಸುರಕ್ಷಿತ ಅಲ್ಲ. ರೆಟಿನಾ ಸುಡುವಾಗ ನೋವಾಗುವುದಿಲ್ಲ, ಹಾಗಾಗಿ ಆಗಿದ್ದು ಆಮೇಲೆ ಗೊತ್ತಾಗುತ್ತದೆ. ಮೊಬೈಲ್‌ನಲ್ಲಿ ಫೋಟೋ ತೆಗೆಯಲು ಹೋಗಿ ಪೂರ್ಣ ಗ್ರಹಣದ ನಿಮಿಷಗಳನ್ನು ಕಳೆಯಬೇಡಿ. ಒಳ್ಳೆಯ ಫೋಟೋ ನಿಮಗಿಂತ ಚೆನ್ನಾಗಿ ತೆಗೆಯುವವರು ಸಾವಿರ ಜನ ಇರುತ್ತಾರೆ, ನಿಮ್ಮ ಕಣ್ಣು ನಿಮಗೊಂದೇ.

ಎಲ್ಲೂ ಹೋಗಲಾಗದವರಿಗೆ

2027ರ ಆಗಸ್ಟ್ 2ರ ಸಂಜೆ ನಮ್ಮ ಎರಡೂ ಜಿಲ್ಲೆಗಳಲ್ಲಿ ಪಾರ್ಶ್ವ ಗ್ರಹಣ ಕಾಣುತ್ತದೆ, ಐದು ಗಂಟೆಯ ಆಸುಪಾಸಿನಲ್ಲಿ ಹೆಚ್ಚು. ಭೀಮನ ಅಮಾವಾಸ್ಯೆಯ ಪೂಜೆ ಬೆಳಗ್ಗೆಯೇ ಮುಗಿಸಿಕೊಂಡರೆ ನೋಡುವವರಿಗೆ ಬಿಡುವು. ಗರ್ಭಿಣಿಯರು ನೋಡಬಾರದು ಅನ್ನುವ ಮಾತಿಗೆ ವೈದ್ಯಕೀಯವಾಗಿ ಆಧಾರ ಇಲ್ಲ, ಎಲ್ಲರಂತೆ ಅವರಿಗೂ ಕನ್ನಡಕ ಇದ್ದರೆ ಸಾಕು. ಹಳೇ ಕಾಲದಲ್ಲಿ ಗ್ರಹಣ ಅಂದರೆ ಬರೀ ಭಯ ಇತ್ತು ಅಂತಲೂ ಅಂದುಕೊಳ್ಳಬೇಡಿ. ನಮ್ಮ ನಾಡಿನ ಶಾಸನಗಳಲ್ಲಿ ಸೂರ್ಯಗ್ರಹಣದ ಪುಣ್ಯಕಾಲದಲ್ಲಿ ಭೂಮಿ ದಾನ ಕೊಟ್ಟ ಉಲ್ಲೇಖಗಳು ಎಷ್ಟೋ ಇವೆ, ಆ ದಾಖಲೆಗಳಿಂದಲೇ ಇತಿಹಾಸಕಾರರು ತಾರೀಕು ಸರಿಪಡಿಸುತ್ತಾರೆ.

ಎಲ್ಲಿ ನಿಂತು ನೋಡುವುದು? ಆಗಸ್ಟ್‌ನಲ್ಲಿ ಶೃಂಗೇರಿ, ಕೊಪ್ಪ, ಮೂಡಿಗೆರೆ, ಸಕಲೇಶಪುರ ಬೇಡ. ಮುಳ್ಳಯ್ಯನಗಿರಿ ಎತ್ತರ ಇದೆ ಅಂತ ಅಲ್ಲಿಗೆ ಹೋಗುವುದೂ ಬೇಡ, ಮಂಜಿನೊಳಗೆ ನಿಂತಿರುತ್ತೀರಿ. ಅರಸೀಕೆರೆ, ಬಾಣಾವರ, ಕಡೂರು ಕಡೆ ಮಳೆ ನೆರಳಿನ ಬಯಲು, ಅಲ್ಲಿ ಮೋಡದ ನಡುವೆ ಸೂರ್ಯ ಸಿಗುವ ಸಾಧ್ಯತೆ ಎಷ್ಟೋ ಹೆಚ್ಚು. ಪಶ್ಚಿಮಕ್ಕೆ ಗುಡ್ಡ ಇಲ್ಲದ ಒಂದು ಕೆರೆ ಏರಿ ನೋಡಿಕೊಳ್ಳಿ, ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿ. ಹಾಸನದಿಂದಲೂ ಚಿಕ್ಕಮಗಳೂರಿನಿಂದಲೂ ಒಂದೆರಡು ಗಂಟೆಯ ದಾರಿ.

ಅದಾದ ಮೇಲೆ 2031ರ ಮೇ 21, ಬುಧವಾರ. ಅಂದು ಕೊಚ್ಚಿ, ಕೊಟ್ಟಾಯಂ, ಥೇಣಿ, ಮಧುರೈ ಮೇಲೆ ಕಂಕಣ ಗ್ರಹಣ, ನಡು ಮಧ್ಯಾಹ್ನ. ನಮ್ಮೂರಲ್ಲೂ ಸೂರ್ಯನ ದೊಡ್ಡ ಭಾಗ ಮುಚ್ಚುತ್ತದೆ. ಮಕ್ಕಳಿಗೆ ಬೇಸಿಗೆ ರಜೆ, ಒಂದು ರಾತ್ರಿಯ ಪ್ರಯಾಣ, ಪಾಸ್‌ಪೋರ್ಟ್ ಬೇಡ. ಪೂರ್ಣ ಅಲ್ಲ, ಆದರೆ ಕುಟುಂಬದ ಜೊತೆ ಕಡಿಮೆ ಖರ್ಚಿನಲ್ಲಿ ನೋಡಲು ಇದಕ್ಕಿಂತ ಸುಲಭದ್ದು ಇಲ್ಲ. ಕೇರಳದಲ್ಲಿ ಮುಂಗಾರು ಜೂನ್ ಒಂದರ ಆಸುಪಾಸಿಗೆ ಕಾಲಿಡುತ್ತದೆ, ಮೇ ಕೊನೆಯಲ್ಲೇ ಮೋಡ ಕಟ್ಟಲು ಶುರು. ಹಾಗಾಗಿ ಕೊಚ್ಚಿಗಿಂತ ಮಧುರೈಗೆ ಹೋಗಿ, ಅಲ್ಲಿ ಒಣ ಹವೆ. ಹಿಂದಿನ ದಿನ ಮೀನಾಕ್ಷಿ ದರ್ಶನ ಮುಗಿಸಿಕೊಳ್ಳಿ, ಗ್ರಹಣದ ಹೊತ್ತಿಗೆ ದೇವಸ್ಥಾನದ ಬಾಗಿಲು ಹಾಕಿರುತ್ತಾರೆ.